ಎರಡು ಕೋಟು ಪೈಂಟಿನ ಮಹಾತ್ಮೆ

ಬಾಡಿಗೆಗೆ ಕೊಡಲೆಂದು ಮೊದಲ ಮನೆ ಕೊಳ್ಳುವವರಿಗೆ ನನ್ನದೊಂದೇ ಹಿತವಚನ: ರಿಪೇರಿಯ ಅಂದಾಜಿಗೆ ಎಂಜಿನಿಯರನ್ನು ಹತ್ತಿರ ಸೇರಿಸಬೇಡಿ. ನಮಗೆಲ್ಲ ಭಾವಂದಿರು ಇರುವುದು ಮತ್ತೆ ಯಾತಕ್ಕೆ?

ಮೂಡುಬಿದಿರೆಯಲ್ಲಿ ಕಾಲೇಜು ಮಕ್ಕಳಿಗೆ ಬಾಡಿಗೆಗೆ ಕೊಡಬಹುದಾದ ಹಂಚಿನ ಮನೆಯೊಂದು ಮಾರಾಟಕ್ಕಿತ್ತು. ನಾವು ನೋಡಲು ಹೋದದ್ದು ಮಾರ್ಚ್‌ನಲ್ಲಿ. ಮನೆ ನೋಡಲು ಅದಕ್ಕಿಂತ ಪ್ರಶಸ್ತ ಕಾಲವಿಲ್ಲ. ಗೋಡೆ ಒಣಗಿರುತ್ತದೆ, ಅಂಗಳದಲ್ಲಿ ಪಾಚಿ ಇರುವುದಿಲ್ಲ, ಬಾವಿಯ ತಳ ಕಂಡರೂ ತಪ್ಪನ್ನು ಬೇಸಗೆಯ ತಲೆಗೆ ಕಟ್ಟಬಹುದು.

ಬಂಟ್ವಾಳದಿಂದ ಬಂದ ಭಾವ ಗೋಡೆಗೆ ಬೆರಳಗಂಟಿನಿಂದ ಎರಡು ಸಲ ಕುಟ್ಟಿ, ವೈದ್ಯರು ಎದೆ ನೋಡುವಂತೆ ಕಿವಿಯಿಟ್ಟರು. "ಎಂತ ಇಲ್ಲ ಭಾವ. ಎರಡು ಕೋಟು ಪೈಂಟು ಹೊಡೆದ್ರೆ ಆಯ್ತು. ಹೆಚ್ಚಂದ್ರೆ ಒಂದು ಲಕ್ಷ." ಟೇಪಿಲ್ಲ, ಏಣಿಯಿಲ್ಲ, ಕಾಗದವಿಲ್ಲ, ಚಹಾ ಆರುವ ಮೊದಲೇ ಅಂದಾಜು ತಯಾರು.

ಬೆಳ್ತಂಗಡಿಯ ಬ್ರೋಕರ್ ಇತಿಹಾಸವನ್ನೂ ಬಲ್ಲವರು. "1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಸುರು ಮಾಡಿದ್ದು ಮಾರಾಯ್ರೆ ಈ ಹಂಚಿನ ಕಸುಬು. ಮಂಗಳೂರು ಹಂಚಿಗೆ ಸಾವುಂಟಾ?" ಖಂಡಿತ ಇಲ್ಲ. ಹಂಚುಗಳಿಗೆ ಈಗಲೂ ಏನೂ ಆಗಿಲ್ಲ. ಅವನ್ನು ಹೊತ್ತಿದ್ದ ಪಕ್ಕಾಸು, ರೀಪುಗಳನ್ನು ಗೆದ್ದಲು ತಿಂದದ್ದು ಹಂಚಿನ ತಪ್ಪಲ್ಲವಲ್ಲ. ನಾನು ಮಳೆಯ ಮಾತೆತ್ತಿದಾಗ ಭಾವ ನಕ್ಕರು: "ಸಾವಿರ ಕಂಬದ ಬಸದಿ 1430ರಿಂದ ಇದೇ ಮಳೆಗೆ ನಿಂತಿಲ್ವಾ?" ಅದು ಕಗ್ಗಲ್ಲಿನದು, ಇದು ಮುರಕಲ್ಲಿನದು ಎಂಬ ಕ್ಷುಲ್ಲಕ ಭೇದ ನಮಗೆ ಹೊಳೆಯಲಿಲ್ಲ.

ಹಾಗೆಂದು ತಜ್ಞರನ್ನು ಕೇಳದೆ ಮುಂದುವರಿದೆ ಎನ್ನಬೇಡಿ. ಜೋಯಿಸರಲ್ಲಿ ಪ್ರಶ್ನೆ ಇಡಿಸಿದೆ, ನಾಗನ ದೋಷ ವಿಚಾರಿಸಿದೆ, ವಾಸ್ತುವಿನವರು ಹೇಳಿದ ಬಾಗಿಲು ತಿರುಗಿಸಲು ಒಪ್ಪಿದೆ. ಎಲ್ಲಿಯೂ ಚೌಕಾಸಿ ಮಾಡಲಿಲ್ಲ. ಎಂಜಿನಿಯರ್ ಒಬ್ಬರು ಐದು ಸಾವಿರ ಕೇಳಿದಾಗ ಮಾತ್ರ ಮನೆಮಂದಿಯೆಲ್ಲ ಒಂದೇ ಸ್ವರದಲ್ಲಿ, "ಬರೇ ನೋಡ್ಲಿಕ್ಕೆ ಐದು ಸಾವಿರವಾ?" ಎಂದರು.

ಆ ಜಾತಿಯವರ ಕ್ರಮವೇ ಅಶುಭ. ಅಟ್ಟ ಹತ್ತಿ ಪಕ್ಕಾಸಿಗೆ ಸ್ಕ್ರೂಡ್ರೈವರ್ ಚುಚ್ಚುತ್ತಾರೆ. ಹೊಸ ಪೈಂಟು ಯಾವ ಮೂಲೆಯಲ್ಲಿ ಮಾತ್ರ ದಪ್ಪಗಿದೆ ಎಂದು ನೋಡುತ್ತಾರೆ. ತಾರಸಿ ಮನೆಯಾದರೆ, ಅದರ ಮೇಲೆ ತಗಡಿನ ಶೀಟು ಯಾಕೆ ಬಂತೆಂದು ಕೇಳುತ್ತಾರೆ. ಬಂಟ್ವಾಳ ಪೇಟೆಯಲ್ಲಿ 1974ರ ನೆರೆ ಯಾವ ಮೆಟ್ಟಿಲಿಗೆ ಬಂದಿತ್ತು, ಬೆಳ್ತಂಗಡಿ ಕಡೆ 2019ರ ಆಗಸ್ಟಿನಲ್ಲಿ ಹೊಳೆ ಎಲ್ಲಿಯವರೆಗೆ ಏರಿತ್ತು ಎಂದು ನೆರೆಮನೆಯ ಅಜ್ಜಿಯನ್ನು ವಿಚಾರಿಸುತ್ತಾರೆ. ಮರ, ವಯರಿಂಗ್, ಪ್ಲಂಬಿಂಗ್, ಶೌಚದ ಗುಂಡಿ ಎಂದು ಒಂದೊಂದಕ್ಕೂ ಉದ್ದಗಲ, ದರ ಬರೆದು, ಕಾಣದ ಖರ್ಚಿಗೆಂದು ಇನ್ನಷ್ಟು ಕೂಡಿಸಿ, ಆ ಚೀಟಿ ತೋರಿಸಿ ಮನೆಯ ಕ್ರಯ ಇಳಿಸಿ ಎನ್ನುತ್ತಾರೆ. ಮನೆ ಮಾರುವವರ ಮುಖ ನೋಡಿ ಹಾಗೆ ಕೇಳಲು ನಮ್ಮಂಥ ಮರ್ಯಾದಸ್ಥರಿಗೆ ಆದೀತೇ?

ರಿಜಿಸ್ಟ್ರಿ ಆಯಿತು. ಜೂನ್ ಬಂತು. ಒಂದು ಲಕ್ಷದ ಪೈಂಟು ಒಂಬತ್ತು ಲಕ್ಷಕ್ಕೆ ಮುಗಿಯಿತು. ತಿಂಗಳಿಗೆ ಹನ್ನೆರಡು ಸಾವಿರ ಬಾಡಿಗೆ ಬಂದರೆ ಆರೇ ವರ್ಷ ಮೂರು ತಿಂಗಳಲ್ಲಿ ರಿಪೇರಿಯ ಹಣ ವಾಪಸು. ಆಮೇಲೆ ಬರುವುದೆಲ್ಲ ಲಾಭ, ಅಷ್ಟರಲ್ಲಿ ಇನ್ನೊಂದು ರಿಪೇರಿ ಬಾರದಿದ್ದರೆ. ಭಾವನಿಗೆ ಬೇಸರವಿಲ್ಲ. "ಪೈಂಟಿನದ್ದು ನಾನು ಹೇಳಿದಷ್ಟೇ ಆಯ್ತಲ್ವಾ?" ಎಂದರು. ನಿಜ, ಪೈಂಟಿಗೆ ಆದದ್ದು ಒಂದು ಲಕ್ಷವೇ.

ಈಗ ಮನೆ ಮಾರಾಟಕ್ಕಿಟ್ಟಿದ್ದೇನೆ. ಮತ್ತೆ ಎರಡು ಕೋಟು ಹೊಡೆಸಿದ್ದಾಗಿದೆ. ಆಸಕ್ತರು ಭಾವನೊಂದಿಗೆ ಬರಬಹುದು. ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯ ಒಳಗೆ ಬಂದರೆ ಒಳ್ಳೆಯದು. ಆಮೇಲೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ನನ್ನ ಮನೆಯೂ ಬಣ್ಣ ಕಳಚುತ್ತದೆ.