‘ಕ್ಯಾಪ್ಟನ್ ವ್ಯೋಮ್’ನ ಕೊಪ್ಪಳ ಪಾಠ: ಒಂದು ಗ್ರಂಥಸಂಪಾದನೆ

‘ಕ್ಯಾಪ್ಟನ್ ವ್ಯೋಮ್’ 1998ರಲ್ಲಿ ದೂರದರ್ಶನದ ರಾಷ್ಟ್ರೀಯ ವಾಹಿನಿಯಲ್ಲಿ ಬಂದ ಹಿಂದಿ ವೈಜ್ಞಾನಿಕ ಧಾರಾವಾಹಿ. ನಿರ್ದೇಶನ ಕೇತನ್ ಮೆಹ್ತಾ ಅವರದು, ನಾಯಕ ಮಿಲಿಂದ್ ಸೋಮನ್. ಕಥೆ ನಡೆಯುವುದು ಕ್ರಿ.ಶ. 2123ರಲ್ಲಿ. ಸೆರೆಮನೆಯಿಂದ ಪರಾರಿಯಾದ ಹನ್ನೆರಡು ಮಂದಿ ಮಹಾಪಾತಕಿಗಳನ್ನು ಒಬ್ಬೊಬ್ಬರಾಗಿ ಹಿಡಿದು ತರುವುದು ನಾಯಕನ ಕೆಲಸ. ಅವನಿಗೆ ಮೇಲಧಿಕಾರಿ ವಿಶ್ವಪ್ರಮುಖ, ಆ ಪಾತ್ರ ಟಾಮ್ ಆಲ್ಟರ್ ಅವರದು. ಈ ಕೃತಿಗೆ ಎರಡು ಪಾಠಗಳಿವೆ. ದಿಲ್ಲಿಯಿಂದ ಆಕಾಶಕ್ಕೆ ಬಿಟ್ಟದ್ದು ಮೂಲಪಾಠ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಮಾಳಿಗೆ ಮನೆಗಳೊಳಗೆ ಇಳಿದದ್ದು ಕೊಪ್ಪಳ ಪಾಠ. ಮೂಲಪಾಠ ಸಂಪೂರ್ಣವಾಗಿ ಉಳಿದುಬಂದಿದೆ ಎಂಬುದೇ ಅದರ ದೊಡ್ಡ ದೋಷ. ಕೊಪ್ಪಳ ಪಾಠ ತ್ರುಟಿತವಾಗಿದೆ, ಪ್ರಕ್ಷಿಪ್ತಗಳಿಂದ ತುಂಬಿದೆ, ಒಂದು ಊರಿನ ಪ್ರತಿ ಇನ್ನೊಂದು ಊರಿನದಕ್ಕೆ ಹೊಂದುವುದಿಲ್ಲ. ಅಂದರೆ ಪ್ರಾಚೀನ ಕಾವ್ಯವೊಂದಕ್ಕೆ ಇರಬೇಕಾದ ಲಕ್ಷಣಗಳೆಲ್ಲ ಅದಕ್ಕಿವೆ.

ದೂರದಿಂದ ಬಂದ ಮಾತನ್ನು ಗೊತ್ತಿಲ್ಲದ ಭಾಷೆಯಲ್ಲಿ ಬರಮಾಡಿಕೊಳ್ಳುವುದು ಈ ಸೀಮೆಗೆ ಹೊಸದಲ್ಲ. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅಶೋಕ ತನ್ನ ಕಿರು ಬಂಡೆಶಾಸನವನ್ನು ಕೊಪ್ಪಳದ ಗವಿಮಠದ ಗುಡ್ಡದಲ್ಲೂ ಪಾಲ್ಕಿಗುಂಡಿನಲ್ಲೂ ಕೊರೆಸಿದ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಒಂದೇ ಊರಿನಲ್ಲಿ ಎರಡು ಕಡೆ ಒಂದೇ ಸಂದೇಶ, ಮಸ್ಕಿಯಲ್ಲೂ ಅದೇ. ರಾಷ್ಟ್ರೀಯ ಜಾಲದ ಪ್ರಸಾರವೂ ಮರುಪ್ರಸಾರವೂ ಇಲ್ಲಿ ಒಟ್ಟಿಗೇ ಶುರುವಾದವು ಎನ್ನಲು ಇದಕ್ಕಿಂತ ಗಟ್ಟಿಯಾದ ಶಿಲಾಸಾಕ್ಷ್ಯ ಬೇಕಿಲ್ಲ. ಊರವರು ಅದನ್ನು ಯಾರಿಂದ ಓದಿಸಿ ಕೇಳಿದರು ಎಂಬುದನ್ನು ಮಾತ್ರ ಶಾಸನ ಹೇಳುವುದಿಲ್ಲ.

ಇನ್ನೂ ಹಿಂದಕ್ಕೆ ಹೋಗಲು ಆಸೆಪಡುವವರು ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಗುಡ್ಡ ಹತ್ತುತ್ತಾರೆ. ಜನ ಮೋರ್ಯರ ಗುಡ್ಡ ಎನ್ನುವ ಆ ತಾಣದಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯದಾದ ನೂರಾರು ಶಿಲಾಸಮಾಧಿಗಳಿವೆ. ನಾಲ್ಕು ಕಡೆ ಚಪ್ಪಡಿ, ಮೇಲೊಂದು ಚಪ್ಪಡಿ, ಕೆಲವಕ್ಕೆ ಮುಂಭಾಗದಲ್ಲಿ ದುಂಡಗಿನ ಕಿಂಡಿ. ಇವು ಟಿ.ವಿ. ಪೆಟ್ಟಿಗೆಗಳೇ ಎಂಬುದು ಪೂರ್ವಪಕ್ಷ. ಗುಡ್ಡದ ಮೇಲೆ ಎಲ್ಲಿಯೂ ಆಂಟೆನಾ ಪೈಪು ನೆಟ್ಟ ಕುಳಿ ಸಿಗದ ಕಾರಣ ಈ ವಾದವನ್ನು ಸದ್ಯಕ್ಕೆ ಒಪ್ಪಲಾಗದು. ಆದರೆ ಅಲ್ಲೊಂದು ನಗಾರಿ ಕಲ್ಲಿದೆ. ಬಡಿದರೆ ಅದರ ದನಿ ದೂರಕ್ಕೆ ಕೇಳುತ್ತದೆ. ಆದ್ದರಿಂದ ಆ ಕಾಲದಲ್ಲಿ ದನಿ ಬರುತ್ತಿತ್ತು, ಚಿತ್ರ ಬರುತ್ತಿರಲಿಲ್ಲ ಎಂದು ರಾಜಿ ಮಾಡಿಕೊಳ್ಳಬಹುದು. 1998ರಲ್ಲಿಯೂ ಅನೇಕ ಮನೆಗಳ ಸ್ಥಿತಿ ಅದೇ ಆಗಿತ್ತು.

ನಿಜವಾದ ಟಿ.ವಿ. ಈ ಭಾಗಕ್ಕೆ ಬಂದ ರೀತಿ ಯಾವ ಧಾರಾವಾಹಿಯ ಕಲ್ಪನೆಯನ್ನೂ ಮೀರಿಸುವಂಥದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಎಂಬ ಉಪಗ್ರಹ ಬೋಧಕ ಟಿ.ವಿ. ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಆರಿಸಲಾಯಿತು. ಕರ್ನಾಟಕದಲ್ಲಿ ಆಯ್ಕೆಯಾದವು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಇಂದಿನ ಕೊಪ್ಪಳ ಜಿಲ್ಲೆ ಆಗ ರಾಯಚೂರಿನೊಳಗೇ ಇತ್ತು. ಅಮೆರಿಕದ ನಾಸಾ ಸಂಸ್ಥೆಯ ಎ.ಟಿ.ಎಸ್.-6 ಉಪಗ್ರಹ ಪೂರ್ವ ಆಫ್ರಿಕದ ನೆತ್ತಿಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತು ಬೇಸಾಯ, ಆರೋಗ್ಯ, ಮಕ್ಕಳ ಪಾಠಗಳನ್ನು ನೇರವಾಗಿ ಹಳ್ಳಿಗೆ ಕಳಿಸಿತು, ಕನ್ನಡದಲ್ಲೂ ಕಳಿಸಿತು. ಹಿಡಿಯುವ ಆಂಟೆನಾ ಮೂರು ಮೀಟರ್ ಅಗಲದ್ದು, ಕೋಳಿಗೂಡಿಗೆ ಹೊಡೆಯುವ ತಂತಿಜಾಲರಿಯಿಂದ ಮಾಡಿದ್ದು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್ 1ರಂದು. ರಾಜಧಾನಿ ರೇಡಿಯೊ ಕೇಳುತ್ತ ಕೂತಿದ್ದಾಗ ರಾಯಚೂರು ಜಿಲ್ಲೆಯ ರೈತ ಉಪಗ್ರಹದಿಂದ ಗೊಬ್ಬರದ ಮಾಹಿತಿ ಪಡೆಯುತ್ತಿದ್ದ ಎಂಬ ಸಂಗತಿಯನ್ನು ಪಠ್ಯಪುಸ್ತಕಗಳು ಇನ್ನೂ ದಪ್ಪಕ್ಷರದಲ್ಲಿ ಅಚ್ಚುಹಾಕಿಲ್ಲ. ಭೂಮಿಯ ಜೊತೆಜೊತೆಗೇ ಸುತ್ತುವ ಇಂಥ ಉಪಗ್ರಹಗಳನ್ನು ಸಂಪರ್ಕಕ್ಕೆ ಬಳಸಬಹುದೆಂದು 1945ರಲ್ಲೇ ಬರೆದವರು ಆರ್ಥರ್ ಸಿ. ಕ್ಲಾರ್ಕ್, ವೈಜ್ಞಾನಿಕ ಕಾದಂಬರಿಕಾರ. ಭಾರತ ಸರ್ಕಾರ ಇದೇ ಬಗೆಯ ಆಂಟೆನಾವೊಂದನ್ನು ಕೊಲಂಬೊದ ಅವರ ಮನೆಗೆ ಕೊಟ್ಟಿತ್ತು. ಹೀಗೆ ಒಂದು ವರ್ಷದ ಮಟ್ಟಿಗೆ ಕ್ಲಾರ್ಕ್ ಮತ್ತು ರಾಯಚೂರು ಜಿಲ್ಲೆಯ ಹಳ್ಳಿಗರು ಒಂದೇ ಚಾಪೆಯ ಮೇಲೆ ಕೂತ ಪ್ರೇಕ್ಷಕರು. ಅವಧಿ ಮುಗಿಯುತ್ತಲೇ ಮದುವೆಗೆ ಎರವಲು ತಂದ ಹಂಡೆಯಂತೆ ಉಪಗ್ರಹ ವಾಪಸು ಹೋಯಿತು.

1997ರ ಆಗಸ್ಟ್ 24ರಂದು ಕೊಪ್ಪಳ ಹೊಸ ಜಿಲ್ಲೆಯಾಯಿತು. ಮರುತಿಂಗಳೇ ದೂರದರ್ಶನದಲ್ಲಿ ಅತಿಮಾನುಷ ನಾಯಕ ‘ಶಕ್ತಿಮಾನ್’ ತಿರುಗುತ್ತ ಮೇಲೆದ್ದ. ಮರುವರ್ಷ ವ್ಯೋಮ್ ಬಂದ. ಜಿಲ್ಲಾ ವಿಂಗಡಣೆಗೂ ಇವರಿಬ್ಬರ ಆಗಮನಕ್ಕೂ ಕಾರ್ಯಕಾರಣ ಸಂಬಂಧವಿಲ್ಲವೆಂದು ಇಲ್ಲಿ ಸ್ಪಷ್ಟಪಡಿಸುವುದು ಲೇಸು, ಏಕೆಂದರೆ ಆ ವಯಸ್ಸಿನ ಮಕ್ಕಳು ಹಾಗೆಂದೇ ನಂಬಿದ್ದರು.

ಕೊಪ್ಪಳ ಪಾಠದ ಮೊದಲ ಹಂತ ಸಿದ್ಧವಾಗುತ್ತಿದ್ದುದು ಮಾಳಿಗೆಯ ಮೇಲೆ. ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾವನ್ನು ಕಬ್ಬಿಣದ ಪೈಪಿಗೆ ಕಟ್ಟಿ, ಪೈಪನ್ನು ಕುಂಬಿಗೆ ಬಿಗಿದು ನಿಲ್ಲಿಸಲಾಗುತ್ತಿತ್ತು. ಗಾಳಿ ಬೀಸಿದರೆ ಅದರ ಮುಖ ಬೇರೆ ದಿಕ್ಕಿಗೆ. ಕಾಗೆ ಕೂತರೂ ಅಷ್ಟೇ. ಆಗ ಮನೆಯ ಹುಡುಗರಲ್ಲಿ ದೊಡ್ಡವನು ಏಣಿ ಹತ್ತಬೇಕು. ಅವನಿಗೂ ಕೆಳಗಿನ ಪಡಸಾಲೆಗೂ ನಡುವೆ ಮಾಳಿಗೆಯ ಬೆಳಕಿಂಡಿಯ ಮೂಲಕ ನಡೆಯುವ ಸಂವಾದ ಎಲ್ಲ ಊರುಗಳ ಪ್ರತಿಗಳಲ್ಲೂ ಹೆಚ್ಚು ಕಡಿಮೆ ಒಂದೇ ಆಗಿದೆ. ಹಾಗಾಗಿ ಇದನ್ನು ಕೃತಿಯ ಮಂಗಳಾಚರಣೆ ಎಂದು ಪರಿಗಣಿಸಬೇಕು.

“ಬಂತೇನಲೇ?”
“ಇಲ್ಲಣ್ಣಾ, ಬರೇ ಮಳಿ ಬರಾಕತ್ತೈತಿ.”
“ಈಗ?”
“ದನಿ ಬಂತು, ಮಾರಿ ಬರವಲ್ದು.”
“ಈಗ ನೋಡು.”
“ಬಂತು, ಬಂತು! ಕೈ ಬಿಡಬ್ಯಾಡ!”

ಕೊನೆಯ ಸಾಲು ಶಾಸ್ತ್ರದೃಷ್ಟಿಯಿಂದ ಮುಖ್ಯವಾದುದು. ಮನುಷ್ಯನ ಮೈ ವಿದ್ಯುತ್ತನ್ನು ಹಾಯಗೊಡುತ್ತದೆ. ಪೈಪು ಹಿಡಿದವನು ತಾನೂ ಆಂಟೆನಾದ ಒಂದು ಕಡ್ಡಿಯಾಗುತ್ತಾನೆ. ಅವನು ಕೈ ಬಿಟ್ಟರೆ 2123ನೇ ಇಸವಿ ಪೂರ್ತಿ ಪರದೆಯ ಚುಕ್ಕಿಮಳೆಯಲ್ಲಿ ಮುಳುಗುತ್ತಿತ್ತು. ಆದ್ದರಿಂದ ಬಿಸಿಲಲ್ಲಿ ಅರ್ಧ ಗಂಟೆ ಹಾಗೇ ನಿಂತು, ಬೆಳಕಿಂಡಿಯಿಂದ ಬಂದ ದನಿಯಷ್ಟನ್ನೇ ಕೇಳಿ ಇಡೀ ಧಾರಾವಾಹಿ ಮುಗಿಸಿದವರೂ ಇದ್ದಾರೆ. ಇವರ ಪಾಠವನ್ನು ಶ್ರುತಪಾಠ ಎನ್ನಬೇಕಾಗುತ್ತದೆ. ಇದರಲ್ಲಿ ಮಿಲಿಂದ್ ಸೋಮನ್ ಅವರ ರೂಪಕ್ಕೆ ಯಾವ ಮಹತ್ವವೂ ಇಲ್ಲ. ಖಳರ ನಗು ಮಾತ್ರ ಬಹಳ ಚೆನ್ನಾಗಿದೆ.

ಎರಡನೆಯ ಹಂತ ವ್ಯಾಖ್ಯಾನ. ಧಾರಾವಾಹಿ ಹಿಂದಿ, ಪಡಸಾಲೆ ಕನ್ನಡ. ನಡುವೆ ನಿಜಾಮರ ಕಾಲದ ಅಜ್ಜ. 1948ರ ಸೆಪ್ಟೆಂಬರಿನವರೆಗೆ ಈ ಭಾಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕೊಪ್ಪಳವಂತೂ ಸಾಲಾರ್ ಜಂಗರ ಜಹಗೀರು. ಆಗ ಸಾಲಿಯಲ್ಲಿ ಉರ್ದು ಕಲಿತು, ಐವತ್ತು ವರ್ಷ ಅದನ್ನು ಯಾವುದಕ್ಕೂ ಬಳಸದೆ ಇಟ್ಟುಕೊಂಡಿದ್ದ ಹಿರಿಯರಿಗೆ ಬಾಹ್ಯಾಕಾಶ ಒಳ್ಳೆಯ ಅವಕಾಶ ಒದಗಿಸಿತು. ಆದರೆ ಅವರ ಉರ್ದು ಕಂದಾಯ ಮತ್ತು ಕಚೇರಿಯ ಉರ್ದು. ಹೀಗಾಗಿ ಕೊಪ್ಪಳ ಪಾಠದಲ್ಲಿ ಹನ್ನೆರಡು ಪಾತಕಿಗಳು ಫರಾರಿ ಆಸಾಮಿಗಳು. ಅವರನ್ನು ಹಿಡಿಯುವುದು ದಸ್ತಗಿರಿ. ವಿಶ್ವಪ್ರಮುಖ ಕಲಬುರಗಿಯ ಸುಬೇದಾರ ಸಾಹೇಬರಿಗಿಂತ ಒಂದು ಮೆಟ್ಟಿಲು ಮೇಲಿನ ಅಧಿಕಾರಿ. ವಿಶ್ವಪ್ರಮುಖ ಪರದೆಯ ಮೇಲೆ ಎರಡು ನಿಮಿಷ ಗ್ರಹಗಳ ಭವಿಷ್ಯದ ಬಗ್ಗೆ ಮಾತಾಡಿದಾಗ ಮಕ್ಕಳು, “ಏನಂದ್ರಿ ಅಜ್ಜಾರ?” ಎಂದು ಕೇಳುತ್ತಿದ್ದರು. “ಹುಕುಂ ಆಗೇತಿ. ಹೋಗಬೇಕಂತ,” ಎನ್ನುತ್ತಿದ್ದರು ಅಜ್ಜ. ಮೂಲದ ಸಂಭಾಷಣೆಯನ್ನು ಇಷ್ಟು ಬಿಗಿಯಾಗಿ ಯಾರೂ ಸಂಗ್ರಹಿಸಿಲ್ಲ. ಓಣಿಯ ಮುಸ್ಲಿಂ ಮನೆಯ ಹುಡುಗರು, ದಖ್ಖನಿ ಮನೆಮಾತಿನವರು, ಅಜ್ಜನ ಅನುವಾದಕ್ಕೆ ತಿದ್ದುಪಡಿ ಸೂಚಿಸುತ್ತಿದ್ದರು. ಸೂಚನೆಗಳು ಬಹುಪಾಲು ಸರಿಯಾಗಿಯೇ ಇರುತ್ತಿದ್ದವು, ಮತ್ತು ಬಹುಪಾಲು ತಿರಸ್ಕೃತವಾಗುತ್ತಿದ್ದವು, ಏಕೆಂದರೆ ಟಿ.ವಿ. ಅಜ್ಜನ ಮನೆಯದು.

ಮೂರನೆಯ ಹಂತ ಲೋಪ. ಓಲೆಗರಿಯ ಕಾವ್ಯದಲ್ಲಿ ಹುಳು ಮಾಡುವ ಕೆಲಸವನ್ನು ಇಲ್ಲಿ ಕರೆಂಟು ಮಾಡಿತು. ತುಂಗಭದ್ರಾ ಅಣೆಕಟ್ಟು, ಅದರ ಎಡದಂಡೆಯ ವಿದ್ಯುದಾಗಾರ ಇರುವುದು ಕೊಪ್ಪಳ ತಾಲ್ಲೂಕಿನ ಮುನಿರಾಬಾದಿನಲ್ಲೇ. ಆದರೂ ಖಳ ಆಯುಧ ಎತ್ತುವುದಕ್ಕೂ ಕರೆಂಟು ಹೋಗುವುದಕ್ಕೂ ಇದ್ದ ನಂಟು ಬಿಡಿಸಲಾಗದ್ದು. ‘ಶಕ್ತಿಮಾನ್’ನಲ್ಲಿ ಖಳ ಕಿಲ್ವಿಷ್ ಕತ್ತಲೆಯ ಒಡೆಯ. ದೇಶದ ಬೇರೆ ಕಡೆ ಅವನು ಪ್ರತಿವಾರ ಸೋತ. ಈ ಸೀಮೆಯಲ್ಲಿ ಪಂದ್ಯ ಬಹಳ ಸಲ ಸಮಸಮ. ಲುಪ್ತಭಾಗವನ್ನು ಮಾರನೆಯ ದಿನ ಸಾಲಿಯಲ್ಲಿ ಬೇರೆ ವಿದ್ಯುತ್ ಫೀಡರಿನ ಊರಿಂದ ಬರುವ ಹುಡುಗ ತುಂಬುತ್ತಿದ್ದ. ಅವನ ಊರಲ್ಲೂ ಕರೆಂಟು ಹೋಗಿದ್ದರೆ ತುಂಬುವ ಉತ್ಸಾಹ ಇನ್ನೂ ಹೆಚ್ಚಾಗುತ್ತಿತ್ತು. ವ್ಯೋಮನ ಯಾನದಲ್ಲಿ ಡೀಸೆಲ್ ತೀರಿತು, ಅವನು ಚಂದ್ರನ ಮೇಲೆ ಎತ್ತು ಹೂಡಿದ, ಪಾತಕಿಯೊಬ್ಬ ಅವನ ಸೋದರಮಾವನೇ ಎಂದು ತಿಳಿಯಿತು ಎಂಬಂಥ ಘಟ್ಟಗಳನ್ನೆಲ್ಲ ಪ್ರಕ್ಷಿಪ್ತವೆಂದು ತೆಗೆದುಹಾಕಬೇಕೆನ್ನುವವರು ಸಂಪಾದನಶಾಸ್ತ್ರ ಬಲ್ಲವರು, ಕಥೆ ಬಲ್ಲವರಲ್ಲ.

ತಾಲ್ಲೂಕುವಾರು ಪ್ರತಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಂಗಾವತಿ ಎಡದಂಡೆ ಕಾಲುವೆಯ ಭತ್ತದ ನಾಡು. ಕರೆಂಟು ಹೋದರೆ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಟಿ.ವಿ.ಗೆ ಹಚ್ಚುವ ಅನುಕೂಲ ಅಲ್ಲಿತ್ತು. ಆದ್ದರಿಂದ ಗಂಗಾವತಿ ಪ್ರತಿ ಹೆಚ್ಚು ಪೂರ್ಣ, ಅಷ್ಟೇ ನೀರಸ. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಲ್ಲಿ ತೆಲುಗು ವಾಹಿನಿಗಳ ಪೈಪೋಟಿ ಬೇರೆ. ಸಜ್ಜೆ, ಶೇಂಗಾ ನಂಬಿದ ಕುಷ್ಟಗಿ, ಯಲಬುರ್ಗಾ ಪ್ರತಿಗಳು ಚಿಂದಿಯಾಗಿವೆ, ಅವುಗಳ ಕಾವ್ಯಗುಣ ಮಾತ್ರ ಬೇರೆ ಯಾವ ಪ್ರತಿಗೂ ಇಲ್ಲ.

ವೇಷಭೂಷಣದ ವಿಷಯದಲ್ಲಿ ಇಲ್ಲಿಯ ವೀಕ್ಷಕರು ತೋರಿದ ಔದಾರ್ಯಕ್ಕೆ ಕಾರಣವಿದೆ. ಬೆಳತನಕ ದೊಡ್ಡಾಟ ನೋಡಿದವರಿಗೆ, ಬೇಗಡೆ ಅಂಟಿಸಿದ ಭುಜಕೀರ್ತಿಯನ್ನು ಚಿನ್ನವೆಂದು ಒಪ್ಪಿದವರಿಗೆ, ಹೊಳೆಯುವ ಅಂಗಿ ತೊಟ್ಟವನನ್ನು ಬಾಹ್ಯಾಕಾಶ ಯೋಧನೆಂದು ಒಪ್ಪುವುದು ಏನು ಮಹಾ? ಬಣ್ಣಗಾರಿಕೆಯಲ್ಲಿ ಮಾತ್ರ ಅವರು ಬಿಗಿ. ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರ ಕೆತ್ತಿ, ಹುಣಸೆಬೀಜದ ಅಂಟು ಬೆರೆತ ಕಿಟ್ಟವೆಂಬ ಲೇಪ ಮೆತ್ತಿ, ಬಣ್ಣ ಹಚ್ಚಿ ಮಾಡುವ ಗರುಡನನ್ನು ನೋಡಿದ ಕಣ್ಣಿಗೆ ಆ ಕಾಲದ ಕಂಪ್ಯೂಟರಿನಲ್ಲಿ ಬರೆದ ಯಾನಗಳು ಕಚ್ಚಾ ಕೆಲಸ. ರೆಕ್ಕೆಯ ಲಕ್ಷಣದಲ್ಲಿ ಗರುಡನಿಗೇ ಮೊದಲ ಸ್ಥಾನ; ಈ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ.

ಮರುದರ್ಶನದ ಯುಗ 2020ರ ಲಾಕ್‌ಡೌನಿನೊಂದಿಗೆ ತೆರೆಯಿತು. ಆ ವರ್ಷದ ಏಪ್ರಿಲ್‌ನಲ್ಲಿ ದೂರದರ್ಶನ ‘ಶಕ್ತಿಮಾನ್’ ಅನ್ನು ಮತ್ತೆ ಹಾಕಿತು. ಹಳೆಯ ವೀಕ್ಷಕರು, ಈಗ ಬೆಂಗಳೂರಿನಿಂದ ಊರಿಗೆ ಮರಳಿ ಅದೇ ಪಡಸಾಲೆಯಲ್ಲಿ ಕೂತವರು, ಅದರಿಂದ ಉಮೇದು ಬಂದು ಮೊಬೈಲಿನಲ್ಲಿ ವ್ಯೋಮನನ್ನೂ ಹುಡುಕಿದರು. ಹಸ್ತಪ್ರತಿ ಸಂಶೋಧಕನಿಗೆ ಕವಿಯ ಸ್ವಹಸ್ತದ ಪ್ರತಿ ಸಿಕ್ಕರೆ ಆಗಬೇಕಾದ ಸಂತೋಷ ಅವರಿಗೆ ಆಗಲಿಲ್ಲ. ಚಿತ್ರ ಸ್ವಚ್ಛವಾಗಿತ್ತು, ಮಳೆ ಇರಲಿಲ್ಲ. ಹಾಗಾಗಿ ಹಿನ್ನೆಲೆಯ ರಟ್ಟು ರಟ್ಟಾಗಿಯೇ ಕಂಡಿತು. ಹಿಂದಿಯೂ ಈಗ ಬರುತ್ತಿತ್ತು. ಹಾಗಾಗಿ ಸುಬೇದಾರ ಸಾಹೇಬರು ಎಲ್ಲಿಯೂ ಇರಲಿಲ್ಲ. ಸೋದರಮಾವನ ಘಟ್ಟಕ್ಕಾಗಿ ಕಂತು ಕಂತು ಜಾಲಾಡಿದವರುಂಟು. ಪಕ್ಕದಲ್ಲಿ ಕೂತ ಮಕ್ಕಳು “ಪಪ್ಪಾ, ಗ್ರಾಫಿಕ್ಸ್ ಸರಿ ಇಲ್ಲ” ಎಂದು ಎದ್ದು ಹೋದರು. ಎರಡು ಪಾಠಗಳನ್ನು ಎದುರುಬದುರಾಗಿಟ್ಟು ನೋಡಿದಾಗ ನಿರ್ಣಯ ಕಷ್ಟವಲ್ಲ: ಮೂಲಪಾಠ ಕೊಪ್ಪಳ ಪಾಠದ ಅಪೂರ್ಣ, ಅಶುದ್ಧ ಪ್ರತಿ.

ದೂರದರ್ಶನದ ಹಳೆಯ ಅನಲಾಗ್ ಪ್ರಸಾರಕಗಳನ್ನು ದೇಶದಾದ್ಯಂತ 2022ರ ವೇಳೆಗೆ ಬಹುಪಾಲು ಮುಚ್ಚಲಾಗಿದೆ. ಮಾಳಿಗೆಯ ಮೇಲಿನ ಪೈಪುಗಳಿಗೆ ಈಗ ಹಿಡಿಯಲು ಏನೂ ಇಲ್ಲ. ಕೆಲವಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಲಾಗಿದೆ, ಉಳಿದವು ಗುಜರಿಯವನ ದಾರಿ ಕಾಯುತ್ತಿವೆ. ಕಥೆ ನಡೆಯುವ ಇಸವಿ ಇನ್ನೂ ಬಂದಿಲ್ಲವಾದ್ದರಿಂದ, ನಾಲ್ಕೂ ತಾಲ್ಲೂಕಿನ ಮನೆಯವರು 2123ರವರೆಗಾದರೂ ಅವನ್ನು ತೂಕಕ್ಕೆ ಹಾಕಬಾರದಾಗಿ ವಿನಂತಿ.