ಒರಿಜಿನಲ್ ಮಾವ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಊರಿಗೊಬ್ಬರಲ್ಲದಿದ್ದರೂ ಹೋಬಳಿಗೊಬ್ಬರಾದರೂ ಒರಿಜಿನಲ್ ಮಾವ ಇದ್ದೇ ಇರುತ್ತಾರೆ. ವಯಸ್ಸು ಐವತ್ತರ ಆಚೆ. ನಾಲ್ಕೆಕರೆ ಅಡಿಕೆ ತೋಟ. ಅದರಲ್ಲಿ ಅರ್ಧ ಹಳದಿ ಎಲೆ ರೋಗದ ಪಾಲು, ಉಳಿದರ್ಧದಲ್ಲಿ ಕೊಳೆರೋಗ ಬಿಟ್ಟಷ್ಟು ಇವರ ಪಾಲು. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರು. ಮನೆಯಲ್ಲಿ ಗಾಡಿ ಎರಡು: ಓಡುವ ಪಿಕಪ್ಪು, ಓಡದ ಜೀಪು. ಪಿಕಪ್ಪಿಗೆ ಆಯಿಲ್ ಬದಲಾಯಿಸಿ ವರ್ಷವಾಯಿತೆಂದು ಯಾರಾದರೂ ನೆನಪಿಸಿದರೆ "ನೋಡುವ" ಎನ್ನುತ್ತಾರೆ. ಜೀಪಿನ ಬಾನೆಟ್ಟಿನ ಕೊಕ್ಕೆಗೆ ಸರಿಯಾದ ಸ್ಪ್ರಿಂಗು ಸಿಗಲಿಲ್ಲವೆಂದರೆ ಮಾತ್ರ ರಾತ್ರಿಯಿಡೀ ನಿದ್ದೆ ಇಲ್ಲ.

ಹಳೇ ಗಾಡಿ ಹೊಸದು ಮಾಡುವ ಈ ಹುಚ್ಚಿಗೆ ಅಮೆರಿಕದಲ್ಲಿ ದೊಡ್ಡ ಪರಂಪರೆಯೇ ಇದೆ. 1964ರ ಪಾಂಟಿಯಾಕ್ ಜಿಟಿಒ ಥರದ, 6.4 ಲೀಟರಿನ ಎಂಟು ಸಿಲಿಂಡರ್ ಇಂಜಿನ್ನಿನ ಮಸಲ್ ಕಾರುಗಳನ್ನು ಅಲ್ಲಿನವರು ಮನೆಯ ಗ್ಯಾರೇಜಿನಲ್ಲೇ ಕಳಚಿ, ಹೊಸದು ಮಾಡಿ ನಿಲ್ಲಿಸುತ್ತಾರೆ. ಅಂಥ ಕಾರು ನಮ್ಮ ಕಡೆ ಬಂದರೆ ತೋಟದ ದಾರಿಯ ಮೊದಲ ಏರಿನಲ್ಲೇ ಹೊಟ್ಟೆ ಉಜ್ಜಿಕೊಂಡು ಕೂರುತ್ತದೆ. ಮಲೆನಾಡಿನ ಪೈಲ್ವಾನನೆಂದರೆ ಜೀಪೇ. 1940ರ ದಶಕದ ಕೊನೆಗೆ ಮುಂಬಯಿಯ ಮಹೀಂದ್ರದವರು ಅಮೆರಿಕದ ವಿಲ್ಲೀಸ್ ಜೀಪುಗಳನ್ನು ಇಲ್ಲೇ ಜೋಡಿಸತೊಡಗಿದರು. ಮುಂದೆ ಎತ್ತರದ ಬಾನೆಟ್ಟಿನ ಸಿಜೆ-3ಬಿ ಬಂತು. ಹೊಸ ಹರಿಕೇನ್ ಇಂಜಿನ್ನಿನ ತಲೆಯಲ್ಲಿ ವಾಲ್ವು ಸೇರಿ ಅದು ಎತ್ತರವಾದದ್ದಕ್ಕೆ ಬಾನೆಟ್ಟೂ ಎದ್ದು ನಿಂತದ್ದು ಎಂಬುದನ್ನು ಮಾವ ಕೇಳಿದವರಿಗೂ ಹೇಳುತ್ತಾರೆ, ಕೇಳದವರಿಗೂ ಹೇಳುತ್ತಾರೆ.

ಆ ಜೀಪು ಇಲ್ಲಿ ಮಾಡದ ಚಾಕರಿ ಇಲ್ಲ. ಮಳೆಗಾಲದಲ್ಲಿ ಚಕ್ರಕ್ಕೆ ಚೈನು ಕಟ್ಟಿಕೊಂಡು ಬಸುರಿಯರನ್ನು ಆಸ್ಪತ್ರೆಗೆ ಮುಟ್ಟಿಸಿತು. ಮೈಲುತುತ್ತ, ಸುಣ್ಣ, ದೋಟಿ ಹೊತ್ತಿತು. ಚುನಾವಣೆ ಬಂದಾಗ ಮತಪೆಟ್ಟಿಗೆ ಸಾಗಿಸಿತು. ಒಳಗೆ ಎಂಟು, ಹಿಂದೆ ನೇತುಕೊಂಡು ನಾಲ್ಕು ಜನರನ್ನು ಕಿಗ್ಗದ ಜಾತ್ರೆಗೆ ಒಯ್ದಿತು. ನಡುದಾರಿಯಲ್ಲಿ ಕೆಟ್ಟರೆ ಕೈಗೆ ಸಿಕ್ಕಿದ್ದೇ ಸ್ಪೇರ್ ಪಾರ್ಟು. ಪೆಟ್ರೋಲ್ ಟ್ಯಾಂಕು ಸೋರಿದರೆ ಬಟ್ಟೆ ಸೋಪು ಮೆತ್ತುವುದು, ಸೈಲೆನ್ಸರ್ ಕಳಚಿದರೆ ಬೇಲಿಯ ತಂತಿ ಬಿಗಿಯುವುದು.

ಇಂಥ ಜೀಪನ್ನು ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೇ ಮಾಡಬೇಕೆಂಬುದು ಮಾವನ ಸಂಕಲ್ಪ. ದೀಪಾವಳಿ ಕಳೆದರೆ ಕೊಯ್ಲು, ಸುಲಿ, ಬೇಯಿಸುವ ಗಡಿಬಿಡಿ. ಬಿಡುವು ಸಿಗುವುದು ಆಷಾಢದಲ್ಲಿ. ಹಾಗಾಗಿ ತುಕ್ಕು ಬಿಡಿಸುವ ಕೆಲಸ ಲೋಕವೆಲ್ಲ ತುಕ್ಕು ಹಿಡಿಯುವ ಕಾಲದಲ್ಲೇ ಶುರು. ಬಲಗಡೆ ಮಡ್‌ಗಾರ್ಡು ಉಜ್ಜಿ ಹೊಳಪು ಮಾಡುವಷ್ಟರಲ್ಲಿ ಎಡಗಡೆಯದು ಕೆಂಪಾಗಿರುತ್ತದೆ. ರೆಡ್ ಆಕ್ಸೈಡ್ ಒಣಗುವುದಿಲ್ಲವೆಂದು ಅದನ್ನು ಬಚ್ಚಲ ಒಲೆಯ ಮೇಲೆ ತೂಗುಹಾಕಿ, ಮನೆಯವರೆಲ್ಲ ಬಗ್ಗಿ ಸ್ನಾನಕ್ಕೆ ಹೋಗುವಂತೆ ಮಾಡಿದ್ದಾರೆ.

ಕಳಚಿದ ಬೋಲ್ಟು, ನಟ್ಟುಗಳನ್ನು ಅಡಿಕೆ ಅಂಗಳದ ತಟ್ಟಿಯ ಮೇಲೆ ಹರಡಿ ದರ್ಜೆ ಮಾಡುತ್ತಾರೆ. ತುಕ್ಕಿಲ್ಲದ್ದು ಹಸ, ತಿಕ್ಕಿದರೆ ಬರುವಂಥದ್ದು ಬೆಟ್ಟೆ, ಗಾತ್ರ ಸರಿಯಿದ್ದು ಮೂತಿ ಸವೆದದ್ದು ರಾಶಿ, ಯಾವುದಕ್ಕೂ ಆಗದ್ದು ಗೊರಬಲು. ಯುದ್ಧಕಾಲದಲ್ಲಿ ಫೋರ್ಡ್ ಕಂಪನಿ ಕಟ್ಟಿದ ಜೀಪುಗಳ ಬೋಲ್ಟಿನ ತಲೆಯ ಮೇಲೂ 'ಎಫ್' ಅಕ್ಷರ ಇರುತ್ತಿತ್ತು ಎಂದು ತಿಳಿದಂದಿನಿಂದ ಪ್ರತಿಯೊಂದನ್ನೂ ಭೂತಗನ್ನಡಿಯಲ್ಲಿ ನೋಡುವುದೂ ಸೇರಿಕೊಂಡಿದೆ. ತಮ್ಮ ಜೀಪು ಫೋರ್ಡಿನದಲ್ಲ ಎಂಬುದು ಅವರಿಗೆ ಗೊತ್ತು. ಆದರೂ ಒಂದಾದರೂ ಸೇರಿಕೊಂಡಿದ್ದರೆ?

ಮದುವೆಮನೆಗೆ ಹೋದರೂ ಚಟ ಬಿಡದು. ದಿಬ್ಬಣದ ಜೀಪು ಬಂದು ನಿಂತರೆ ಮಾವ ಮದುಮಗನ ಮುಖ ನೋಡುವುದಿಲ್ಲ. ಹೂವಿನ ಹಾರ ಸರಿಸಿ ಮುಂದಿನ ಜಾಲರಿಯ ಸೀಳು ಎಣಿಸುತ್ತಾರೆ. ಒಂಬತ್ತಾದರೆ ಮಿಲಿಟರಿ, ಏಳಾದರೆ ಸಿವಿಲ್. ಎಂಟು ಬಂದರೆ ಆ ಮದುವೆಯಲ್ಲಿ ಹೋಳಿಗೆ ರುಚಿಸುವುದಿಲ್ಲ.

ಮನೆಯವರ ಪಾಡು ಬೇರೆ. ಅಮೆರಿಕದ ದೊಡ್ಡ ಪ್ರದರ್ಶನಗಳಿಗೆ ಹೋಗುವ ಕಾರುಗಳಲ್ಲಿ, ಅಂದಿನ ಕೆಲಸಗಾರರು ಚಾಸಿಗೆ ಎಳೆದಿದ್ದ ಸೀಮೆಸುಣ್ಣದ ಗುರುತನ್ನೂ ಮತ್ತೆ ಬರೆಯುತ್ತಾರೆಂದು ಮಾವ ಮೊಬೈಲಿನಲ್ಲಿ ನೋಡಿದರು. ಮರುದಿನ ಜೀಪಿನಡಿ ಮಲಗಿ ಅಡ್ಡಗೆರೆ ಎಳೆದರು. ದೀಪಾವಳಿಗೆ ದನಕ್ಕೆ ಹಾಕುವ ಜೇಡಿ ಇರಬೇಕೆಂದುಕೊಂಡ ಅಜ್ಜಿ, ಪಕ್ಕದಲ್ಲಿ ಕೆಮ್ಮಣ್ಣಿನ ಗುರುತನ್ನೂ ಹಾಕಿಸಿ ಶಾಸ್ತ್ರ ಪೂರೈಸಿದರು. ಆಯುಧಪೂಜೆಗೆ ಅದೇ ಅಜ್ಜಿ ಕುಂಕುಮದ ಬಟ್ಟಲು ಹಿಡಿದು ಬಂದರೆ ಮಾವ ಅಡ್ಡ ನಿಂತರು. "ಅಮ್ಮಾ, ಬಣ್ಣಕ್ಕೆ ಕಲೆ ಆಗ್ತದೆ."

"ದೇವರಿಗೆ ಹಚ್ಚಿದ್ರೆ ಕಲೆ ಆಗದಿಲ್ಲ, ನಿನ್ನ ತಗಡಿಗೆ ಆಗ್ತದ?" ಎಂದು ಅಜ್ಜಿ ನಿಂಬೆಹಣ್ಣು ಸಮೇತ ಪಿಕಪ್ಪಿನ ಕಡೆ ತಿರುಗಿದರು.

ಬಣ್ಣದ ಕಥೆ ಇನ್ನೂ ದೊಡ್ಡದು. ಮೇಲಿನ ನೀಲಿ ಕೆರೆದರೆ ಹಸಿರು, ಹಸಿರಿನ ಅಡಿ ಕಂದುಗೆಂಪು. ಸಿಕ್ಕಿತು ಒರಿಜಿನಲ್ ಬಣ್ಣ ಎಂದು ಆ ಚಕ್ಕೆಯನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಯವರೆಗೆ ಹೋಗಿ, ಅದಕ್ಕೆ ಕೂದಲೆಳೆಯ ವ್ಯತ್ಯಾಸವಿಲ್ಲದಂತೆ ಬಣ್ಣ ಕಲಸಿಸಿ ತಂದರು. ಎರಡು ಕೋಟು ಹೊಡೆದು ಅಪ್ಪನನ್ನು ಜಗಲಿಯಿಂದ ಕೈಹಿಡಿದು ಕರೆತಂದರು. ಅಜ್ಜಯ್ಯ ಸುತ್ತ ಒಂದು ಪ್ರದಕ್ಷಿಣೆ ಬಂದು, "ಇದು ನಮ್ಮ ಕಿಟಕಿ ಬಾಗಿಲಿನ ಬಣ್ಣ ಅಲ್ದನಾ? ಮನೆಗೆ ಹೊಡೆದು ಉಳಿದಿತ್ತು, ಇದಕ್ಕೂ ಹೊಡ್ಸಿದ್ದೆ" ಎಂದರು. ಮಾವ ಅಂದು ಊಟಕ್ಕೆ ಕೂರಲಿಲ್ಲ.

ಸಾಮಾನು ಹುಡುಕುವುದರಲ್ಲೂ ಅಷ್ಟೇ ನಿಷ್ಠೆ. ಜೀಪಿನ ಕಸುಬಿಗೆ ಹೆಸರಾದ ಹರಿಯಾಣದ ಮಂಡಿ ಡಬ್ವಾಲಿಗೆ ಮಾವ ತಮ್ಮ ಹರಕು ಹಿಂದಿಯಲ್ಲಿ ಫೋನು ಮಾಡುತ್ತಾರೆ. ಬ್ಯಾಟರಿ ಪೆಟ್ಟಿಗೆಯ ಪಕ್ಕದ ಒಂದು ಬ್ರಾಕೆಟ್ಟಿಗೆ ಬದಲಿ ಮಾತ್ರ ದೇಶವೆಲ್ಲ ಜಾಲಾಡಿದರೂ ಸಿಗಲಿಲ್ಲ. ಯಾವ ಪುಸ್ತಕದಲ್ಲೂ ಅದರ ಚಿತ್ರವಿಲ್ಲ. ಬಹಳ ಅಪರೂಪದ ಮಾದರಿಯೇ ಇರಬೇಕೆಂದು ಮಾವ ಒಳಗೊಳಗೇ ಬೀಗಿದರು.

ಕೊನೆಗೆ ಹಳೇ ಮೇಸ್ತ್ರಿಯನ್ನು ಕರೆಸಿದರು. ಕೊಪ್ಪದಲ್ಲಿ ಕೆಲಸಗಾರರೇ ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳ ಇಂಜಿನ್ ಬಿಚ್ಚಿ ಪಳಗಿದ ಕೈ. 2020ರಲ್ಲಿ ಆ ಬಸ್ಸುಗಳು ನಿಂತ ಮೇಲೆ ಮನೆಯಲ್ಲೇ ಇದ್ದಾರೆ. ಮೇಸ್ತ್ರಿ ಬ್ರಾಕೆಟ್ಟನ್ನು ತಿರುಗಿಸಿ ನೋಡಿ ನಕ್ಕರು. "ಇದು ಕಂಪನಿದಲ್ಲ ಮಾರಾಯ್ರೆ, ಹಾರೆ ತುಂಡು. ನಾನೇ ಕುಲುಮೆಯಲ್ಲಿ ಬಡ್ಸಿ ಹಾಕಿದ್ದು." ಮತ್ತೆ ಸಮಾಧಾನಕ್ಕೆಂಬಂತೆ, "ಇಂಜಿನ್ನೂ ಎರಡನೆಯದ್ದು. ಅಪ್ಪಯ್ಯ ಹೇಳ್ಲಿಲ್ವಾ?" ಎಂದರು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದರು. ಮಾವ ಬ್ರಾಕೆಟ್ಟಿಗೆ ಇನ್ನೊಂದು ಪದರ ಬಣ್ಣ ಹೊಡೆದು ವಾಪಸ್ ಕೂರಿಸಿದರು.

ಈಗ ಕಾನೂನಿನ ಬಲವೂ ಬಂದಿದೆ. 2021ರ ಕೇಂದ್ರದ ನಿಯಮದಂತೆ, 50 ವರ್ಷ ದಾಟಿ ಮೂಲ ರೂಪದಲ್ಲೇ ಇರುವ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಿ 'ವಿಎ' ಅಕ್ಷರದ ನಂಬರ್ ಪ್ಲೇಟು ಪಡೆಯಬಹುದು. ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ. ಆದರೆ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ; ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥವಕ್ಕೆ ಮಾತ್ರ. ಮಾವ ಇದನ್ನು ಓದಿ ಹೇಳಿದಾಗ ಅತ್ತೆ ಕೇಳಿದ್ದು ಒಂದೇ: "ಪೆಟ್ರೋಲ್ ಹಾಕ್ಸಕ್ಕೆ ಹೋಗ್ತಾ ನನ್ನನ್ನ ಕೊಪ್ಪದ ಸಂತೆಗೆ ಬಿಟ್ರೆ ಪೊಲೀಸ್ರು ಹಿಡೀತಾರಾ?"

ಬಿಡುವ ಮಾತೇ ಇಲ್ಲ. ಕೆಸರಿಗೆಂದೇ ಹುಟ್ಟಿದ ಗಾಡಿಗೆ ಹನಿ ನೀರು ಸಿಡಿಯದಂತೆ ಟಾರ್ಪಾಲು, ಟಾರ್ಪಾಲಿನಡಿ ಹಾಸಿಗೆ ಬಟ್ಟೆ. ಹಾಗೆಂದು ಮಳೆಗಾಲ ಬಿಡಬೇಕಲ್ಲ. ಶ್ರಾವಣದ ಒಂದು ರಾತ್ರಿ ಪಕ್ಕದ ಮನೆಯ ಅಜ್ಜನಿಗೆ ಎದೆನೋವು. ಪಿಕಪ್ಪು ಗದ್ದೆಬದಿಯ ಹೊಂಡದಲ್ಲಿ ಹೂತು ಚಕ್ರ ಬರೀ ತಿರುಗುತ್ತದೆ. ಜನ ಬಂದು ಅಂಗಳದಲ್ಲಿ ನಿಂತರು. ಜೀಪು ಕೇಳುವ ಧೈರ್ಯ ಯಾರಿಗೂ ಇಲ್ಲ. ಮಾವ ತಾವೇ ಟಾರ್ಪಾಲು ಎಳೆದೆಸೆದು, ತಣ್ಣಗಾದ ಇಂಜಿನ್ನಿಗೆ ಹ್ಯಾಂಡಲ್ ಹೊಡೆದು, ಚೈನು ಕಟ್ಟಿ, ಲೋ ಗೇರು ಹಾಕಿದರು. ಚೈನು ಬಡಿದು ಮಡ್‌ಗಾರ್ಡಿನ ಬಣ್ಣ ಹಾರುವ ಸದ್ದು ಅವರಿಗೆ ಕೇಳದೇ ಇರಲಿಲ್ಲ. ಗೇರು ಮಾತ್ರ ಬದಲಾಗಲಿಲ್ಲ. ಅಜ್ಜ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿ ಉಳಿದುಕೊಂಡರು.

ಬೆಳಿಗ್ಗೆ ಕೃತಜ್ಞತೆಯಿಂದ ಪಕ್ಕದ ಮನೆಯ ಹುಡುಗ ಬಕೆಟ್ಟು, ಬಟ್ಟೆ ಹಿಡಿದು ಜೀಪು ತೊಳೆಯಲು ಬಂದ. ಮಾವ ಜಗಲಿಯಿಂದಲೇ ಕೂಗಿದರು:

"ಏ, ಮುಟ್ಟಬೇಡ ಮಾರಾಯ! ಕಿಟಕಿ ಬಣ್ಣ, ಹಾರೆ ತುಂಡು, ಬದಲಿ ಇಂಜಿನ್ನು... ಇಡೀ ಗಾಡೀಲಿ ಒರಿಜಿನಲ್ ಅಂತ ಇರದು ಅದೊಂದು ಕೆಸರೇ!"