ತೂಕದ ಮೇಷ್ಟ್ರು

ಹೊನ್ನಾಳಿಯ ಪೇಟೆಯ ಬಂಗಾರದಂಗಡಿಗಳಲ್ಲಿ ತಾಳಿ, ಬೆಂಡೋಲೆ, ಕಾಸಿನ ಸರ ಮೊದಲಾದವುಗಳನ್ನು ತೂಗಿಸಿಕೊಂಡು ಹೋಗುವ ಗಿರಾಕಿಗಳಿಗೇನೂ ಕೊರತೆಯಿಲ್ಲವಾದರೂ, ಹಲ್ಲುಜ್ಜುವ ಬ್ರಷ್ಷನ್ನು ಮೊದಲು ಇಡಿಯಾಗಿಯೂ, ಅನಂತರ ಹಿಡಿಯನ್ನು ಗರಗಸದಿಂದ ಕೊಯ್ದು ಅರ್ಧವಾಗಿಸಿಯೂ ಅದೇ ತಕ್ಕಡಿಯ ಮೇಲಿರಿಸಿ, ಉಳಿತಾಯವಾದ ಗ್ರಾಂಗಳನ್ನು ನೋಟುಪುಸ್ತಕದಲ್ಲಿ ಬರೆದುಕೊಂಡು, ಕೃತಕೃತ್ಯರಾಗಿ ಮನೆಗೆ ಮರಳಿದ ಗಿರಾಕಿ ಒಬ್ಬರೇ. ಅವರು ನಮ್ಮ ಪ್ರೌಢಶಾಲೆಯ ಗಣಿತದ ಉಪಾಧ್ಯಾಯರು. ಹುಡುಗರು ಅವರಿಗಿಟ್ಟ ಹೆಸರು ತೂಕದ ಮೇಷ್ಟ್ರು. ಊರು ಅದನ್ನೇ ಅಂಗೀಕರಿಸಿತು. ಅವರೂ ಅದನ್ನು ಬಿರುದೆಂದೇ ಭಾವಿಸಿದಂತೆ ತೋರುತ್ತದೆ.

ಮೇಷ್ಟ್ರನ್ನು ಒಬ್ಬ ವ್ಯಕ್ತಿಯೆನ್ನುವುದಕ್ಕಿಂತ ಒಂದು ಪ್ರಭೇದದ ಪ್ರತಿನಿಧಿಯೆನ್ನುವುದೇ ಯುಕ್ತ. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ, ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದ ಕಾಲದಲ್ಲಿ ಈ ಪ್ರಭೇದವು ಎರಡು ಜಿಲ್ಲೆಗಳಲ್ಲಿ ಹಂಚಿಹೋಗಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದ ಮೇಲೆ ಒಂದೆಡೆ ಕೂಡಿತು. ಹೊನ್ನಾಳಿಯಿಂದ ಬೇರ್ಪಟ್ಟು ನ್ಯಾಮತಿ ಸ್ವತಂತ್ರ ತಾಲ್ಲೂಕಾದಾಗ ಅದಕ್ಕೂ ತನ್ನ ಪಾಲಿನ ಇಬ್ಬರು ಮೂವರು ದೊರೆತರು. ಇವರ ಲಕ್ಷಣಗಳು ಎಲ್ಲೆಡೆಯೂ ಒಂದೇ. ಸದಾ ಎಲ್ಲಿಗೋ ಹೊರಡುವವರಿದ್ದಾರೆ, ಎಲ್ಲಿಗೂ ಹೋದವರಲ್ಲ. ವೈಶಾಖದ ಬಿಸಿಲಿನಲ್ಲೂ ಬಹುಜೇಬುಗಳ ಮೇಲಂಗಿಯನ್ನು ತೊಟ್ಟಿರುತ್ತಾರೆ. ಬೆಟ್ಟವೊಂದರ ಹೆಸರೆತ್ತಿದರೆ ಅದರ ಎತ್ತರವನ್ನೂ, ಅಲ್ಲಿನ ಕನಿಷ್ಠ ಉಷ್ಣಾಂಶವನ್ನೂ, ಹೊತ್ತು ಹೋಗತಕ್ಕ ಸಾಮಾನಿನ ತೂಕವನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲರು. ಆ ಬೆಟ್ಟದ ಮೇಲಿನಿಂದ ಏನು ಕಾಣುತ್ತದೆಂದು ಕೇಳಿದರೆ ಮಾತ್ರ ಇವರ ಮುಖ ಸ್ವಲ್ಪ ಬಾಡುತ್ತದೆ.

ಮೇಷ್ಟ್ರ ಸಂಕಲ್ಪವಿದ್ದದ್ದು ಹಿಮಾಚಲದ ಕಸೋಲಿನಿಂದ ಹೊರಟು, ಸುಮಾರು 13,800 ಅಡಿ ಎತ್ತರದ ಸಾರ್ ಪಾಸನ್ನು ದಾಟಿ ಬರುವ ಚಾರಣದ ಮೇಲೆ. ಈ ಸಂಕಲ್ಪ ಹುಟ್ಟಿದಾಗ ಎಂಟನೆಯ ತರಗತಿಯಲ್ಲಿದ್ದ ಅವರ ಮಗನು ಈಗ ಇಂಜಿನಿಯರಾಗಿ ಬೆಂಗಳೂರಿನಲ್ಲಿದ್ದಾನೆ. ಬೂಟು, ಟೊಪ್ಪಿಗೆ, ನೀರಿನ ಸೀಸೆ ಮುಂತಾದ ಕಾಂಡಗಳೆಲ್ಲ ಕ್ರಮವಾಗಿ ಮುಗಿದು, ನಾನು ಹೇಳಹೊರಟಿರುವ ಕಾಲಕ್ಕೆ ಅವರು ಸ್ಲೀಪಿಂಗ್ ಬ್ಯಾಗಿನ ಕಾಂಡವನ್ನು ಪ್ರವೇಶಿಸಿದ್ದರು. ನೋಟುಪುಸ್ತಕದಲ್ಲಿ ತೂಕ, ಉಷ್ಣತೆ, ಒಳಗೆ ತುಂಬಿರುವ ವಸ್ತು, ಬೆಲೆ ಎಂದು ನಾಲ್ಕು ಅಂಕಣಗಳನ್ನು ಕೆಂಪು ಶಾಯಿಯಲ್ಲಿ ಗೆರೆಯೆಳೆದು ಸಿದ್ಧಪಡಿಸಿದ್ದರು.

ಇಂಥ ಚೀಲಗಳಲ್ಲಿ ತುಂಬುವುದು ಮುಖ್ಯವಾಗಿ ಎರಡು ಬಗೆಯ ವಸ್ತುವನ್ನು: ಹೆಬ್ಬಾತು, ಬಾತುಗಳ ಎದೆಯ ನವಿರು ತುಪ್ಪಳ ಒಂದು; ಪಾಲಿಯೆಸ್ಟರಿನ ಕೃತಕ ನಾರು ಇನ್ನೊಂದು. ತುಪ್ಪಳವು ಹಗುರ, ಮುದುರಿದರೆ ಅಂಗೈಯಗಲ, ಬಿಡಿಸಿದರೆ ಬೆಚ್ಚಗೆ. ಆದರೆ ನೆನೆದರೆ ಮುದ್ದೆಗಟ್ಟಿ ನಿಷ್ಪ್ರಯೋಜಕ. ಕೃತಕ ನಾರು ಒದ್ದೆಯಾದರೂ ಬಿಸುಪನ್ನು ಅಷ್ಟಿಷ್ಟು ಉಳಿಸಿಕೊಂಡು ಬೇಗ ಒಣಗುತ್ತದೆ, ಬೆಲೆಯೂ ಕಡಮೆ. ಆದರೆ ಅಷ್ಟೇ ಬಿಸುಪಿಗೆ ಹೆಚ್ಚು ತೂಕ, ಹೆಚ್ಚು ಗಾತ್ರ. ಈ ತಾರತಮ್ಯವನ್ನು ಮೇಷ್ಟ್ರು ಎರಡು ಮಳೆಗಾಲಗಳ ಪರ್ಯಂತ ವಿಮರ್ಶಿಸಿದರು. ಕೊನೆಗೆ ತೀರ್ಪು ಕೊಟ್ಟವರು ಅವರ ವೃದ್ಧ ಮಾತೃಶ್ರೀಯವರು. "ಹಕ್ಕಿ ಪುಕ್ಕ ತುಂಬಿದ ಚೀಲ ತಂದು ದೇವರ ಮನಿ ಪಕ್ಕ ಇಡ್ತೀಯೇನೋ? ನಾನಿರೋತನಕ ಆಗಲ್ಲ" ಎಂದು ಅಮ್ಮ ಅಪ್ಪಣೆಯಿತ್ತ ಮೇಲೆ, ವಿಜ್ಞಾನಕ್ಕೆ ಹೇಳತಕ್ಕದ್ದೇನೂ ಉಳಿಯಲಿಲ್ಲ. ಹೀಗಾಗಿ ಮೇಷ್ಟ್ರ ಪಾಲಿಗೆ ಉಳಿದದ್ದು ಒಂದು ವಿಚಿತ್ರ ಸಮೀಕರಣ: ಹಗುರವಾದ ಕೃತಕ ನಾರಿನ ಚೀಲವು ಬೆಚ್ಚಗಿರದು, ಬೆಚ್ಚಗಿರುವುದು ಹಗುರವಾಗಿರದು, ಎರಡೂ ಆಗಿರುವುದನ್ನು ಅಮ್ಮ ಹೊಸಿಲು ದಾಟಗೊಡರು. ಗಣಿತದ ಉಪಾಧ್ಯಾಯರು ಇದಕ್ಕಿಂತ ಹೆಚ್ಚಿನ ಆನಂದವನ್ನು ಅಪೇಕ್ಷಿಸುವುದುಂಟೆ? ಉತ್ತರವಿಲ್ಲದ ಲೆಕ್ಕವೇ ಬಹುಕಾಲ ಬಾಳುವ ಲೆಕ್ಕ.

ಅಭಿಪ್ರಾಯಸಂಗ್ರಹಣೆಗಾಗಿ ಅವರು ಮೊದಲು ಹೋದದ್ದು ಚನ್ನಗಿರಿಗೆ, ಅಡಿಕೆ ಬೆಳೆಗಾರನಾದ ತಮ್ಮ ಷಡ್ಡಕನ ಬಳಿಗೆ. ತೇವದ ವಿಚಾರದಲ್ಲಿ ಅಡಿಕೆಯವನಿಗಿಂತ ಅಧಿಕೃತವಾಗಿ ಮಾತನಾಡಬಲ್ಲವರು ಯಾರು? ಹಸಿ ಅಡಿಕೆ ಸುಲಿದು, ಬೇಯಿಸಿ, ಚೊಗರು ಕೊಟ್ಟು, ಒಣಗಿಸಿ, ಮಂಡಿಗೆ ಒಯ್ಯುವವರೆಗೆ ಅವನ ಜೀವನವೆಲ್ಲ ತೇವದೊಡನೆ ಹೋರಾಟ. ಮೇಷ್ಟ್ರು ಅವನಿಗೆ 1911ರ ಚಳಿಗಾಲದಲ್ಲಿ ಧ್ರುವಾನ್ವೇಷಕ ಸ್ಕಾಟನ ತಂಡದ ಮೂವರು ದಕ್ಷಿಣ ಧ್ರುವಖಂಡದ ಕತ್ತಲಲ್ಲಿ ಪೆಂಗ್ವಿನ್ ಮೊಟ್ಟೆಗಳಿಗಾಗಿ ನಡೆದ ಕಥೆಯನ್ನು ಹೇಳಿದರು. ಹಿಮಸಾರಂಗದ ಚರ್ಮದ ಚೀಲಗಳಲ್ಲಿ ಮಲಗಿದ ಆ ಸಾಹಸಿಗಳ ಬೆವರೂ ಉಸಿರೂ ಅಲ್ಲಿಯೇ ಹೆಪ್ಪುಗಟ್ಟಿ, ಮರಳುವ ಹೊತ್ತಿಗೆ ಚೀಲಗಳ ತೂಕ ಇಮ್ಮಡಿಗೂ ಮೀರಿತ್ತಂತೆ. ಷಡ್ಡಕನು ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿ, "ಇಮ್ಮಡಿ ತೂಕ ಬಂತಾ? ಆ ಮಾಲು ಯಾವ ಮಂಡಿಗೆ ಹಾಕಿದ್ರು ಅಣ್ಣಾ?" ಎಂದು ಅತ್ಯಂತ ಆಸಕ್ತಿಯಿಂದ ಕೇಳಿದನು. ಅಮೆರಿಕದ ಸೇನೆ ಇದೇ ತೇವಕ್ಕೆ ಬೇಸತ್ತು, ತುಪ್ಪಳಕ್ಕೆ ಬದಲಿಯನ್ನು ಹುಡುಕಿಸಿದ್ದರ ಫಲವಾಗಿ 1980ರ ದಶಕದಲ್ಲಿ ಪ್ರೈಮಾಲಾಫ್ಟೆಂಬ ಕೃತಕ ನಾರು ಹುಟ್ಟಿತೆಂಬ ಮುಂದಿನ ಪ್ರಕರಣವನ್ನು ಕೇಳುವಷ್ಟರಲ್ಲಿ ಅವನು ತೋಟಕ್ಕೆ ಹೊರಟುಹೋಗಿದ್ದನು.

ಉಷ್ಣತೆಯ ಅಂಕಣವು ಗೃಹಕಲಹಕ್ಕೆ ಕಾರಣವಾಯಿತು. ಯುರೋಪಿನವರು 2002ರಲ್ಲಿ ರೂಪಿಸಿ, 2016ರಲ್ಲಿ ಐಎಸ್‌ಒ 23537 ಎಂಬ ಅಂತಾರಾಷ್ಟ್ರೀಯ ಸಂಖ್ಯೆಯನ್ನು ಪಡೆದ ಕ್ರಮದ ಪ್ರಕಾರ, ಮೈಗೆ ಬಿಸಿಯೇರಿಸಿದ ಆಳೆತ್ತರದ ಗೊಂಬೆಯೊಂದನ್ನು ಚೀಲದೊಳಗೆ ಮಲಗಿಸಿ, ಶೀತಲ ಕೋಣೆಯಲ್ಲಿಟ್ಟು, ಅದು ಕಳೆದುಕೊಳ್ಳುವ ಶಾಖವನ್ನು ಅಳೆಯುತ್ತಾರೆ. ಆ ಲೆಕ್ಕದಿಂದ ಸಾಧಾರಣ ಸ್ತ್ರೀಯೊಬ್ಬಳು ಸುಖವಾಗಿ ಮಲಗಬಲ್ಲ ಉಷ್ಣತೆಗೆ 'ಆರಾಮ'ವೆಂದೂ, ಸಾಧಾರಣ ಪುರುಷನೊಬ್ಬನು ಮುದುಡಿಕೊಂಡು ಹೇಗೋ ರಾತ್ರಿ ಕಳೆಯಬಲ್ಲ ಉಷ್ಣತೆಗೆ 'ಮಿತಿ'ಯೆಂದೂ ಹೆಸರು. ಇದನ್ನು ಮೇಷ್ಟ್ರು ರೊಟ್ಟಿ ಬಡಿಯುತ್ತಿದ್ದ ತಮ್ಮ ಧರ್ಮಪತ್ನಿಯವರಿಗೆ ವಿವರಿಸಿದಾಗ, ಅವರು ಹೆಂಚಿನಿಂದ ಕಣ್ಣೆತ್ತದೆಯೇ, "ಹೆಂಗಸಿಗೆ ಆರಾಮ, ಗಂಡಸಿಗೆ ಮಿತಿ ಅಂತ ಬರ್ದಾರ? ಚಲೋ ದೇಶ ಬಿಡ್ರಿ. ನಮ್ಮನ್ಯಾಗೂ ಅಂಥದೊಂದು ಗೊಂಬಿ ತಂದು ಅಳಸ್ರಿ" ಎಂದರು. ನಮ್ಮ ಸೀಮೆಯಲ್ಲಿ ಪುಷ್ಯಮಾಸದ ಚಳಿಯಲ್ಲೂ ಉಷ್ಣಾಂಶವು 10 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪವೆಂದು ನಾನು ನಿವೇದಿಸಿಕೊಂಡರೂ, ಮೇಷ್ಟ್ರು ಮೈನಸ್ ಐದನ್ನು ತಾಳದ ಚೀಲದ ಮಾತುಕತೆಗೇ ಸಿದ್ಧರಿರಲಿಲ್ಲ.

ಆ ಸಂದರ್ಭದಲ್ಲಿ ನಾನು ಎಮ್ಮಾ ಗೇಟ್‌ವುಡ್ ಎಂಬಾಕೆಯ ವೃತ್ತಾಂತವನ್ನು ಪ್ರಸ್ತಾಪಿಸಿದೆ. 1955ರಲ್ಲಿ, 67ರ ಪ್ರಾಯದ ಆ ಅಜ್ಜಿ, ತಾನೇ ಹೊಲಿದ ಬಟ್ಟೆಯ ಚೀಲವೊಂದನ್ನು ಹೆಗಲಿಗೇರಿಸಿ, ಅದರಲ್ಲೊಂದು ಕಂಬಳಿ, ಸ್ನಾನದಮನೆಯ ಪ್ಲಾಸ್ಟಿಕ್ ಪರದೆಯೊಂದನ್ನು ಇಟ್ಟುಕೊಂಡು, ಅಮೆರಿಕದ ಅಪಲೇಚಿಯನ್ ಮಾರ್ಗದ 3,200 ಕಿಲೋಮೀಟರಿಗೂ ಮಿಕ್ಕ ದೂರವನ್ನು ಒಬ್ಬಳೇ ನಡೆದು ಮುಗಿಸಿದಳು; ಸ್ಲೀಪಿಂಗ್ ಬ್ಯಾಗಿನ ಗೊಡವೆಗೇ ಹೋಗಲಿಲ್ಲ. ಮೇಷ್ಟ್ರು ಕ್ಷಣಕಾಲ ಚಿಂತಿಸಿ, "ಆಕೆಗೆ ಎಷ್ಟು ಮಕ್ಕಳು?" ಎಂದರು. ಹನ್ನೊಂದೆಂದೆ. "ಹಾಗಾದರೆ ಹೊತ್ತು ಅಭ್ಯಾಸವಿತ್ತು" ಎಂದು ಆ ಪ್ರಕರಣವನ್ನು ಮುಕ್ತಾಯಗೊಳಿಸಿದರು. ಅಡುಗೆಮನೆಯಲ್ಲಿ ರೊಟ್ಟಿಯ ಸದ್ದು ಸ್ವಲ್ಪ ಹೊತ್ತು ನಿಂತಿದ್ದುದನ್ನು ನಾನು ಗಮನಿಸಿದೆನೇ ಹೊರತು, ಅದರ ಅರ್ಥ ಆಗ ತಿಳಿಯಲಿಲ್ಲ.

ಫೆಬ್ರವರಿಯಲ್ಲಿ ಅವರು ನ್ಯಾಮತಿಯ ಕಡೆಗೆ ಹೊರಟರು. ಆ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳ. ಫೆಬ್ರವರಿ 15ರ ಜಯಂತಿಗೆ ಬಂಜಾರ ಸಮುದಾಯದ ಮಾಲಾಧಾರಿಗಳು ದೂರದ ಜಿಲ್ಲೆಗಳಿಂದ ಕಾಲ್ನಡಿಗೆಯಲ್ಲಿ ಬರುತ್ತಾರೆ. ನಿಜವಾಗಿ ನಡೆಯುವವರು ಏನನ್ನು ಹೊರುತ್ತಾರೆಂಬುದನ್ನು ಪ್ರತ್ಯಕ್ಷ ಪ್ರಮಾಣದಿಂದ ನಿರ್ಧರಿಸಬೇಕೆಂದು ಮೇಷ್ಟ್ರು ಸ್ಪ್ರಿಂಗ್ ತಕ್ಕಡಿಯೊಂದನ್ನು ಹಿಡಿದು ರಸ್ತೆಯ ಬದಿಯ ಹುಣಸೆಮರದ ನೆರಳಿನಲ್ಲಿ ನಿಂತರು. ವೃದ್ಧ ಯಾತ್ರಿಕರೊಬ್ಬರ ಗಂಟನ್ನು ವಿನಯಪೂರ್ವಕವಾಗಿ ಕೇಳಿ ಕೊಕ್ಕೆಗೆ ನೇತುಹಾಕಿದರು: ಒಂದು ಚಾದರ, ಒಂದು ಪಂಚೆ, ಒಂದು ಲೋಟ. ಆ ಹಿರಿಯರು ಮೇಷ್ಟ್ರ ಮೇಲಂಗಿಯ ಜೇಬುಗಳನ್ನೂ ನೋಟುಪುಸ್ತಕವನ್ನೂ ಸಂಶಯದಿಂದ ನಿರುಕಿಸಿ, "ಲಗೇಜಿಗೆ ರೊಕ್ಕ ಕೊಡಬೇಕೇನ್ರಿ ಸಾರ್? ನಾವು ಬಸ್ಸಿಗೆ ಬಂದಿಲ್ರಿ, ನಡಕೊಂತ ಬಂದೀವಿ" ಎಂದರು. ಆ ಗಂಟಿನ ಒಟ್ಟು ತೂಕವು ಮೇಷ್ಟ್ರು ಅಂದು ಒಂದೇ ದಿನದ ಮಟ್ಟಿಗೆ ತಂದಿದ್ದ ಕೈಚೀಲಕ್ಕಿಂತ ಕಡಮೆಯಿತ್ತು. ಅದನ್ನು ಅವರು ದಾಖಲಿಸಿದರು. ಆದರೆ 'ಅಪವಾದ'ಗಳ ಪುಟದಲ್ಲಿ.

ಜಗಳೂರಿನ ಪ್ರಕರಣ ಇನ್ನೂ ಘನವಾದದ್ದು. ಕೊಂಡುಕುರಿಗಳು, ಅರ್ಥಾತ್ ನಾಲ್ಕು ಕೊಂಬಿನ ಜಿಂಕೆಗಳು, ವಾಸಿಸುವ ರಂಗಯ್ಯನದುರ್ಗದ ಕಾಡಿರುವುದು ಈ ತಾಲ್ಲೂಕಿನಲ್ಲಿಯೇ. ಸುತ್ತಣ ಬಯಲಿನ ಹೊಲಗಳಲ್ಲಿ, ಗೊಬ್ಬರಕ್ಕಾಗಿ ಕುರಿಮಂದೆಯನ್ನು ನಿಲ್ಲಿಸಿಕೊಂಡು, ಬಟ್ಟಬಯಲಿನಲ್ಲಿ ಕರಿಕಂಬಳಿ ಹೊದ್ದು ಮಲಗುವ ಕುರಿಗಾಹಿಗಳುಂಟು. ಮೇಷ್ಟ್ರು ಅಷ್ಟರಲ್ಲಿ ಒಂದು ಚೀಲವನ್ನು ಕೊಂಡೇಬಿಟ್ಟಿದ್ದರು: ಹೆಗಲ ಬಳಿ ಅಗಲವಾಗಿ ಪಾದದ ಕಡೆಗೆ ಕಿರಿದಾಗುತ್ತ ಹೋಗುವ, ಮುಖವೊಂದನ್ನು ಬಿಟ್ಟು ಸರ್ವಾಂಗವನ್ನೂ ಮುಚ್ಚುವ, ನೀಲವರ್ಣದ ಮಮ್ಮಿ ಚೀಲ. ಅದನ್ನು ಪರೀಕ್ಷೆಗೊಪ್ಪಿಸಲು ಕುರಿಗಾಹಿಯೊಬ್ಬನ ಬಳಿಗೆ ಹೋದಾಗ ನಾನೂ ಜೊತೆಯಲ್ಲಿದ್ದೆ. ಹುಣಸೆಬೀಜದ ಗಂಜಿ ಕುಡಿದು ಬಿರುಸಾದ ಅವನ ಕಂಬಳಿಯನ್ನು ಮೇಷ್ಟ್ರು ಕೈಯಲ್ಲೆತ್ತಿ ನೋಡಿ, ಅಯ್ಯೋ ಪಾಪವೆಂಬಂತೆ ಕೆಳಗಿಟ್ಟರು. ಉಣ್ಣೆಯೂ ನೆನೆದಾಗ ಬಿಸುಪನ್ನು ಬಿಟ್ಟುಕೊಡದು. ಮಳೆ ಬಂದರೆ ಅದೇ ಕಂಬಳಿಯನ್ನು ಕೊಪ್ಪೆಯಾಗಿ ಮಡಿಸಿ ತಲೆಗೇರಿಸಬಹುದು. ವೇಲ್ಸ್ ದೇಶದ ಪ್ರೈಸ್ ಜೋನ್ಸನೆಂಬ ವರ್ತಕನು 1876ರಲ್ಲಿ ಹಕ್ಕು ಕಾದಿರಿಸಿಕೊಂಡ ಮೊತ್ತಮೊದಲ ಮಲಗುವ ಚೀಲಗಳಲ್ಲೊಂದೂ ಮಡಿಸಿದ ಉಣ್ಣೆಯ ಕಂಬಳಿಯೇ ಆಗಿತ್ತು. ಇದನ್ನೆಲ್ಲ ನಾನು ಹೇಳುತ್ತಿದ್ದಾಗ ಕುರಿಗಾಹಿಯು ಚೀಲದೊಳಗೆ ಹೊಕ್ಕು, ಜಿಪ್ಪನ್ನು ಗದ್ದದವರೆಗೆ ಎಳೆಸಿಕೊಂಡು, ಆಕಾಶವನ್ನು ನೋಡುತ್ತ ಮಲಗಿದ್ದನು.

"ಹೆಂಗೈತಪ್ಪಾ?" ಎಂದರು ಮೇಷ್ಟ್ರು.

"ಬೆಚ್ಚಗೈತಿ ಸಾಮಿ. ರಾತ್ರಿ ತೋಳ ಬಂದ್ರೆ ಇದ್ರಾಗಿಂದ ಹೆಂಗ್ ಎದ್ದು ಓಡ್ಲಿ?"

ಮಾನದಂಡಗಳನ್ನು ರೂಪಿಸಿದ ಪಂಡಿತರು ತೋಳವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೇಷ್ಟ್ರು ದಿಗ್ಭ್ರಾಂತರಾದರು. ಎಡಗೈಯವನಿಗೆ ಜಿಪ್ಪು ಬಲಗಡೆಗಿರಬೇಕು, ಬಲಗೈಯವನಿಗೆ ಎಡಗಡೆಗೆ. ತೋಳವು ಯಾವ ಕಡೆಯಿಂದ ಬರುತ್ತದೆಂಬುದು ನಿಶ್ಚಯವಿಲ್ಲದಿರುವಾಗ ಎರಡೂ ಕಡೆಗಿರುವುದು ಕ್ಷೇಮ. ಎರಡೂ ಕಡೆಗಿದ್ದರೆ ತೂಕ ಹೆಚ್ಚುತ್ತದೆ. ಹಿಂತಿರುಗುವಾಗ ಬಸ್ಸಿನಲ್ಲಿ ಅವರು ನನ್ನೊಡನೆ ಮಾತನಾಡಲಿಲ್ಲ. ಐದನೆಯ ಅಂಕಣಕ್ಕೆ ಗೆರೆಯೆಳೆಯುತ್ತಿದ್ದರು.

ಬೇಸಗೆ ಬಂದಿತು. ಚೀಲಕ್ಕೆ ಮೈ ಒಗ್ಗಬೇಕೆಂದು ಮೇಷ್ಟ್ರು ಹೊನ್ನಾಳಿಯ ತಮ್ಮ ಮನೆಯ ತಾರಸಿಯ ಮೇಲೆ ಮೈನಸ್ ಐದರ ಕವಚದೊಳಗೆ ಏಪ್ರಿಲ್ ತಿಂಗಳ ರಾತ್ರಿಯೊಂದನ್ನು ಕಳೆದು, ಬೆಳಗ್ಗೆ ಹಿಂಡಿದ ಬಟ್ಟೆಯಾಗಿ ಕೆಳಗಿಳಿದರು. ಕೃತಕ ನಾರು ಬೆವರಿನಲ್ಲಿ ತೊಯ್ದರೂ ಬೇಗ ಒಣಗುತ್ತದೆಂಬ ಸಿದ್ಧಾಂತವು ಸ್ಥಿರಪಟ್ಟಿತೆಂದು ಅವರಿಗೆ ಪರಮ ಸಂತೋಷ. ಅಷ್ಟಾದರೂ ಆ ವರ್ಷ ಹೊರಡುವಂತಿರಲಿಲ್ಲ. ಚೀಲವನ್ನು ಬಹುಕಾಲ ಅದುಮಿಟ್ಟರೆ ನಾರಿನ ಉಬ್ಬು ಇಳಿದು ಬಿಸುಪು ಕುಂದುತ್ತದೆ, ಆದಕಾರಣ ಸಡಿಲವಾಗಿ ತೂಗುಹಾಕಬೇಕು. ಮೈಭಾರಕ್ಕೆ ಕೆಳಭಾಗವು ಚಪ್ಪಟೆಯಾಗಿ ನೆಲದ ಶೀತ ಏರುತ್ತದೆ, ಆದಕಾರಣ ಅಡಿಗೊಂದು ಚಾಪೆ ಬೇಕು. ಚಾಪೆಯ ಕಾಂಡ ಇನ್ನೂ ಆರಂಭವೇ ಆಗಿರಲಿಲ್ಲ.

ಧರ್ಮಪತ್ನಿಯವರು ಮಾತ್ರ, ದಾವಣಗೆರೆಯಲ್ಲಿದ್ದ ತಮ್ಮ ತಂಗಿಯ ಮಗಳೊಡನೆ ಗುಟ್ಟಾಗಿ ಹೆಸರು ಬರೆಸಿ, ಮೇ ತಿಂಗಳಲ್ಲಿ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ನಿನವರ ಶಿಬಿರಕ್ಕೆ ಕಸೋಲಿಗೆ ಹೋಗಿ, ಸಾರ್ ಪಾಸನ್ನು ದಾಟಿ ಬಂದರು. ಆ ಶಿಬಿರಗಳಲ್ಲಿ ಸ್ಲೀಪಿಂಗ್ ಬ್ಯಾಗನ್ನೂ ಕಂಬಳಿಯನ್ನೂ ಸಂಘದವರೇ ಒದಗಿಸುತ್ತಾರೆಂಬ ಸಾಲನ್ನು ಮೇಷ್ಟ್ರು ತಮ್ಮ ಅಧ್ಯಯನದಲ್ಲಿ ಓದಿರಲಿಲ್ಲವೆಂದಲ್ಲ. ಅಲ್ಪಜ್ಞರಿಗಾಗಿ ಬರೆದದ್ದೆಂದು ಬಿಟ್ಟಿದ್ದರು. ಆಕೆ ಮನೆಗೆ ಬಂದು, ಕಾಲು ತೊಳೆದು, ಅತ್ತೆಗೆ ನಮಸ್ಕರಿಸಿ, ಸೆರಗಿನಿಂದ ಮುಖವೊರೆಸಿಕೊಳ್ಳುವಷ್ಟರಲ್ಲಿ ಮೇಷ್ಟ್ರು ನೋಟುಪುಸ್ತಕವನ್ನು ತೆರೆದುಕೊಂಡು ಎದುರಿಗೆ ಕುಳಿತಿದ್ದರು. ಹಿಮದ ವಿಚಾರವಾಗಲಿ, ಪಾರ್ವತೀ ನದಿಯ ವಿಚಾರವಾಗಲಿ ಅವರು ಕೇಳಲಿಲ್ಲ.

"ಅಲ್ಲಿ ಕೊಟ್ಟ ಚೀಲದ ತೂಕವೆಷ್ಟು?"

"ನಾನು ಅದರೊಳಗ ಮಲಗಿದ್ದೆನಲ್ರೀ, ಹೆಂಗ ತೂಗ್ಲಿ?"

"ಹೋಗಲಿ, ಒಳಗೆ ಏನು ತುಂಬಿದ್ದರು? ಅದನ್ನಾದರೂ ನೋಡಿದೆಯಾ?"

"ನೋಡದೇ ಏನು? ನನ್ನನ್ನs ತುಂಬಿದ್ರು" ಎಂದು ಆಕೆ ಒಲೆ ಹಚ್ಚಲು ಒಳಗೆ ನಡೆದರು.

ಆ ಉತ್ತರವನ್ನು ಕೃತಕವೆಂದು ಬರೆದುಕೊಳ್ಳಬೇಕೋ ಸಹಜವೆಂದೋ ಎಂಬ ವಿಷಯದಲ್ಲಿ ಮೇಷ್ಟ್ರು ಈ ಮಳೆಗಾಲದಲ್ಲಿ ಚನ್ನಗಿರಿಯ ಷಡ್ಡಕನನ್ನು ಮತ್ತೊಮ್ಮೆ ವಿಚಾರಿಸುವವರಿದ್ದಾರೆ.